ಕೊಡೆಯಮ್ಮನ ಬೀಗದ ವಿಚಾರವಾಗಿ

ವಿಷಯ: ತಾವು ಕಾದಂಬರಿಯ ಕೊನೆಯಲ್ಲಿ ಬೀಗ ಹಾಕಿಸದೆ ಬಿಟ್ಟ ಬಾಗಿಲು, ಮತ್ತು ಅದರೊಳಗೆ ಸಿಕ್ಕಿಬಿದ್ದಿರುವ ಒಬ್ಬ ಹೊಸ ಸೊಸೆ

ಮಾನ್ಯರೇ, ಒಗಟುಗಳ ಒಡೆಯರೇ, ಓದುಗರ ನೆಮ್ಮದಿಯ ಏಕಮಾತ್ರ ಹೊಣೆಗಾರರೇ,

ತಮಗೂ, ತಮ್ಮ ಲೇಖನಿಗೂ, ಬರೆಯಲು ಕೂರುವ ಮುನ್ನ ತಮಗೆ ಚಹಾ ಮಾಡಿಕೊಡುವ ಪುಣ್ಯಾತ್ಮರಿಗೂ ನನ್ನ ನಮಸ್ಕಾರಗಳು. ತಮ್ಮ ವಿಳಾಸ ಗೊತ್ತಿಲ್ಲದ್ದರಿಂದ ಈ ಮಾಸಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಮ್ಮ ದಪ್ಪ ಕಾದಂಬರಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ತಮಗೆ ಪುಕ್ಕಟೆ ಜಾಹೀರಾತಾಗುತ್ತದೆ, ಮತ್ತು ದೂರು ಕೊಡಲು ಬಂದವಳು ಡಂಗುರ ಸಾರಿ ಹೋದಳೆಂದು ಜನ ನಗುತ್ತಾರೆ. ಕೊಡೆ ರಿಪೇರಿ ಮಾಡುವ ಒಬ್ಬ ಹೆಂಗಸು, ಊರೆಲ್ಲ ಅವಳನ್ನು ಕೊಡೆಯಮ್ಮ ಎಂದು ಕರೆಯುವುದು, ಕೊನೆಯ ಪುಟದಲ್ಲಿ ಅವಳು ಮನೆ ಬಿಟ್ಟು ಹೊರಡುವುದು, ಇಷ್ಟು ಹೇಳಿದರೆ ಯಾವ ಪುಸ್ತಕವೆಂದು ತಮಗಂತೂ ತಿಳಿಯುತ್ತದೆ. ತಿಳಿಯದಿದ್ದರೆ ಅದನ್ನು ಬರೆದವರು ತಾವಲ್ಲವೆಂದು ಭಾವಿಸಿ ಈ ಪತ್ರವನ್ನು ಹಿಂದಕ್ಕೆ ಪಡೆಯುತ್ತೇನೆ.

ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಹೊಸದಾಗಿ ಮದುವೆಯಾದವಳು, ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಬೇರೆಯವರನ್ನು ಕುರ್ಚಿಯಲ್ಲಿ ಕೂರಿಸಿ 'ಓದಿ, ಓದಿ' ಎನ್ನುವುದೇ ನನ್ನ ಉದ್ಯೋಗ. ನನ್ನನ್ನೇ ಯಾರಾದರೂ ಕೂರಿಸಿ ಕನ್ನಡದಲ್ಲಿ ಒಂದು ಪುಟ ಓದಿ ಎಂದರೆ ಮಾತ್ರ, ಪ್ರತಿ ಒತ್ತಕ್ಷರದ ಬಳಿಯೂ ಉಬ್ಬು ಕಂಡ ಸ್ಕೂಟರಿನಂತೆ ನಿಧಾನಿಸಿ, ಹತ್ತಿ, ಇಳಿದು ಮುಂದೆ ಹೋಗುತ್ತೇನೆ. ಈ ಪತ್ರವನ್ನು ಎಷ್ಟು ಸಲ ತಿದ್ದಿದ್ದೇನೆಂದು ಹೇಳಿದರೆ ತಮಗೆ ಅಯ್ಯೋ ಅನಿಸೀತು.

ನಮ್ಮವರನ್ನು ನಾನು ನೋಡಿದ್ದೂ ಆ ಕುರ್ಚಿಯಲ್ಲೇ. ('ನಮ್ಮವರು' ಎಂದು ಬರೆಯುವಾಗಲೆಲ್ಲ ನನಗೆ ನಗು ಬರುತ್ತದೆ, ಅಭ್ಯಾಸವಾಗುವವರೆಗೆ ತಾವು ಸಹಿಸಿಕೊಳ್ಳಬೇಕು.) ಅವರು ಬಂದದ್ದು ಅವರಪ್ಪನ ಕನ್ನಡಕದ ಮುರಿದ ಕಡ್ಡಿ ಹಾಕಿಸಲು. ಅವರ ಕಣ್ಣಿಗೇನೂ ಆಗಿರಲಿಲ್ಲ, ಕೂರಿಸಿಕೊಳ್ಳಲು ನನಗೊಂದು ನೆಪ ಬೇಕಿತ್ತು, ಅಷ್ಟೇ. ಫಲಕದ ಕಟ್ಟಕಡೆಯ ಸಾಲನ್ನು ಗಡಗಡನೆ ಓದಿ ಮುಗಿಸಿ, ಅದಕ್ಕೂ ಕೆಳಗೆ ಇರುವೆಯಂತೆ ಅಂಟಿಕೊಂಡಿದ್ದ ಮುದ್ರಕರ ಹೆಸರನ್ನೂ ಓದಿದರು. ಪುಸ್ತಕಕ್ಕೆ ಬೈಂಡಿಂಗ್ ಮಾಡುವ ಮನೆಯವರು, ಅಚ್ಚಾದದ್ದು ಏನು ಕಂಡರೂ ಬಿಡುವುದಿಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ. ಬೆರಳ ತುದಿಯಲ್ಲಿ ಒಣಗಿದ ಅಂಟನ್ನು ಕೀಳುತ್ತಾ ಅವರು ಕೊಡೆಯಮ್ಮನ ಕಾದಂಬರಿಯ ಕೊನೆಯ ಸಾಲನ್ನು ಹೇಳಿದರು: 'ಕೊಡೆಯಮ್ಮ ಆ ದಿನ ಬಾಗಿಲಿಗೆ ಬೀಗ ಹಾಕಲಿಲ್ಲ. ಯಾಕೆಂದು ಗಮನವಿಟ್ಟು ಓದಿದವರಿಗೆ ಹೇಳಬೇಕಾಗಿಲ್ಲ.'

ಯಾಕಂತೆ ಎಂದು ನಾನು ಕೇಳಿದೆ. ಆಹಾ, ಕೇಳಬಾರದಿತ್ತು.

"ಬೀಗ ಹಾಕೋದು ನಂಬಿಕೆ ಇಲ್ಲದವರು. ಅವತ್ತೊಂದು ದಿನ ಅವಳು ಇಡೀ ಬೀದೀನ ನಂಬಿದ್ಲು, ಅಷ್ಟೇ," ಎಂದರು ನಮ್ಮವರು. ಎಂಥ ಮಾತು. ನಾನು ಅವರ ಎಡಗಣ್ಣಿನ ಬದಲು ಬಲಗಣ್ಣನ್ನೇ ಎರಡನೆಯ ಸಲ ಪರೀಕ್ಷಿಸಿದೆ. ಒಂದು ಸಾಲಿಗೆ ಇಂಥ ಅರ್ಥ ಕಾಣುವ ಮನುಷ್ಯನ ಜೊತೆ ಬಾಳುವೆ ಮಾಡಬಹುದು ಎಂದು ಆ ಕ್ಷಣದಲ್ಲೇ ತೀರ್ಮಾನವಾಯಿತು. ಮದುವೆ ಎಂಬುದು ಆಮೇಲೆ ನಡೆದ ಒಂದು ಔಪಚಾರಿಕತೆ. ನನ್ನ ಸಂಸಾರದ ತಳಪಾಯ ತಮ್ಮ ಕೊನೆಯ ಸಾಲು ಎಂಬುದನ್ನು ದಯವಿಟ್ಟು ಗಮನದಲ್ಲಿಡಿ, ಮುಂದೆ ಅದರಿಂದ ಕಲ್ಲು ಕೀಳುವ ಪ್ರಸಂಗ ಬರಲಿದೆ.

ಈ ಮನೆಗೆ ಬಂದ ಮೇಲೆ ತಿಳಿಯಿತು, ಇಲ್ಲಿ ಭಾನುವಾರವೆಂದರೆ ಕೊಡೆಯಮ್ಮನ ವಾರ. ಬೈಂಡಿಂಗ್ ಅಂಗಡಿಗೆ ರಜೆ, ಎಲ್ಲರೂ ಮುಂದಿನ ಕೋಣೆಯಲ್ಲಿ ಚಹಾಕ್ಕೆ ಸೇರುತ್ತಾರೆ, ಮಾವನವರು ಕಪಾಟಿನಿಂದ ಕೊಡೆಯಮ್ಮನ ಪುಸ್ತಕವನ್ನು ಇಳಿಸಿ ಒಣಬಟ್ಟೆಯಲ್ಲಿ ಒರೆಸುತ್ತಾರೆ, ಯಾರೋ ಒಬ್ಬರು ಎರಡು ಪುಟ ಓದುತ್ತಾರೆ, ವಾದ ಶುರುವಾಗುತ್ತದೆ. ಆ ಪ್ರತಿ ಸಾಮಾನ್ಯದ್ದಲ್ಲ. ಮಾವನವರು ಸ್ವಂತ ಅಂಗಡಿ ತೆರೆದಾಗ, ಎಲ್ಲೋ ನೀರಿನಲ್ಲಿ ನೆನೆದು ಬಿಡಿಬಿಡಿಯಾಗಿದ್ದ ಅದನ್ನು ತಂದು, ಹೊಲಿದು, ಕಲೆಯಾಗಿದ್ದ ಅಂಚುಗಳನ್ನು ಕತ್ತರಿಸಿ, ರಟ್ಟು ಹಾಕಿ, ಹಸಿರು ಬಟ್ಟೆ ಹೊದಿಸಿದರಂತೆ. ಅಂಗಡಿಯಲ್ಲಿ ಅವರು ಮೊದಲು ಕಟ್ಟಿದ ಪುಸ್ತಕ ಅದು. ಅದರ ಬೆನ್ನು ಈಗಲೂ ಸೈನಿಕನ ಹಾಗೆ ನೆಟ್ಟಗಿದೆ. ಅಂಗಡಿಯ ಫಲಕದ ಮೇಲೆ ಹೆಸರಿಗಿಂತ ದೊಡ್ಡದಾಗಿ 'ಇಲ್ಲಿ ಪುಟ ತಪ್ಪುವುದಿಲ್ಲ' ಎಂದು ಬರೆಸಿದ್ದಾರೆ.

ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಉತ್ತರವಿದೆ. ನಮ್ಮತ್ತೆಯವರದು ಬಹಳ ಹಳೆಯದು, ಬಹಳ ಚಿಕ್ಕದು: ಯಾರಾದರೂ ಬರಲಿ ಅಂತ. ಕಾಲೇಜಿನಲ್ಲಿ ಪಾಠ ಹೇಳುವ ಭಾವನವರ ಉತ್ತರ ಉದ್ದ, ಅದರಲ್ಲಿ ಬೀಗವೆಂದರೆ ಸಮಾಜ, ಬಾಗಿಲೆಂದರೆ ದೇಹ, ಕೊಡೆ ಯಾವುದೆಂದು ಕೇಳುವಷ್ಟರಲ್ಲಿ ಚಹಾ ಆರಿಹೋಗಿರುತ್ತದೆ. ಅವರ ಹೆಂಡತಿ, ನನ್ನ ಓರಗಿತ್ತಿ, ಮದುವೆಯಾಗಿ ಬಂದ ಹೊಸತರಲ್ಲೇ "ಮರ್ತಿರ್ತಾಳೆ ಬಿಡಿ, ಹೊರಡೋ ಗಡಿಬಿಡೀಲಿ ನನಗೆ ಚಪ್ಪಲೀನೇ ಮರೆತುಹೋಗತ್ತೆ," ಎಂದುಬಿಟ್ಟರಂತೆ. ಇವತ್ತಿಗೂ ಅವರನ್ನು ಅದಕ್ಕೆ ರೇಗಿಸುತ್ತಾರೆ. ಮಾವನವರು ಮಾತ್ರ ಯಾವ ಉತ್ತರವನ್ನೂ ಕೊಟ್ಟವರಲ್ಲ. ಕೇಳಿದರೆ, ನಾನು ಹೊರಗಿಂದ ಕಟ್ಟಿದವನು, ಒಳಗಿಂದು ನೀವು ನೋಡಿಕೊಳ್ಳಿ ಎನ್ನುತ್ತಾರೆ.

ಈ ಮನೆಗೆ ಬಂದು ಸೇರಿದವರು ಪುಸ್ತಕ ಓದಿ ಮುಗಿಸಿ, ಒಂದು ಭಾನುವಾರ ತಮ್ಮ ಉತ್ತರ ಹೇಳಬೇಕು. ಬೇರೆಯವರದ್ದನ್ನು ಎರವಲು ಪಡೆಯುವಂತಿಲ್ಲ. ಅದಾದ ಮೇಲೆ ಅವರು ಮನೆಯವರು. ಅಲ್ಲಿಯವರೆಗೆ ಚಹಾದ ಲೋಟವನ್ನು ಕೈಗೆ ಕೊಟ್ಟು, 'ತಗೊಳ್ಳಮ್ಮಾ' ಎಂದು ನೆಂಟರ ಹಾಗೆ ನೋಡಿಕೊಳ್ಳುತ್ತಾರೆ. ನನಗೆ ನೆಂಟಳಾಗಿ ಸಾಕಾಗಿತ್ತು, ಮಾನ್ಯರೇ. ನನಗೂ ಯಾರಾದರೂ 'ನೀನೇ ಹೋಗಿ ಬಗ್ಗಿಸ್ಕೋ' ಎನ್ನಬೇಕಿತ್ತು.

ಹೊಸತರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ನಾನು ತಮ್ಮ ಕೊಡೆಯಮ್ಮನನ್ನು ಹಾಗೆ ಒಗೆದೆ. ಕಣ್ಣು ತೋರಿಸಲು ಬಂದವರ ಮುಂದೆ ಮಸೂರ ಬದಲಿಸುತ್ತಾ, ನೀವು ಯಾವತ್ತಾದರೂ ಮನೆಗೆ ಬೀಗ ಹಾಕದೆ ಹೊರಡುತ್ತೀರಾ, ಯಾಕೆ, ಯಾವ ಹೊತ್ತಿನಲ್ಲಿ ಎಂದು ವಿಚಾರಿಸಿದೆ. ನಿವೃತ್ತ ಪೊಲೀಸರೊಬ್ಬರು ಎದ್ದು ಹೋಗಿ ನಮ್ಮ ಮಾಲೀಕರ ಕಿವಿಯಲ್ಲಿ ಏನೋ ಹೇಳಿದರು, ಆಮೇಲೆ ಆ ಪ್ರಶ್ನೆಯನ್ನು ನಿಷೇಧಿಸಲಾಯಿತು. ಒಂದು ಬೆಳಿಗ್ಗೆ ಕೊಡೆಯಮ್ಮನ ಮನಸ್ಸನ್ನು ಅನುಭವಿಸಿಯೇ ತಿಳಿಯಬೇಕೆಂದು, ಕೈಯಲ್ಲೊಂದು ಕೊಡೆ ಹಿಡಿದು, ಮನೆಯ ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ, ಬೀಗ ಹಾಕದೆ ಬೀದಿಯ ತಿರುವಿನವರೆಗೆ ನಡೆದು, ಹಿಂತಿರುಗಿ ನೋಡುತ್ತಾ ನಿಂತೆ. ಎದೆಯಲ್ಲಿ ಏನಾದರೂ ಆಗಬೇಕಿತ್ತು. ಕಿಟಕಿಯಿಂದ ಅತ್ತೆಯವರು ತಲೆ ಹೊರಗೆ ಹಾಕಿ "ಏನಮ್ಮಾ, ಏನಾದ್ರೂ ಮರೆತ್ಯಾ?" ಎಂದರು. ಮನೆಯಲ್ಲಿ ಅವರಿದ್ದಾರೆ, ಹಾಗಾಗಿ ಬೀಗ ಹಾಕುವ ಪ್ರಶ್ನೆಯೇ ಇಲ್ಲ ಎಂಬುದು ಈ ಸಂಶೋಧಕಿಗೆ ಹೊಳೆದಿರಲಿಲ್ಲ. ಮೋಡವೇ ಇಲ್ಲದ ಆಕಾಶದ ಕೆಳಗೆ ಕೊಡೆ ಬಿಚ್ಚಿ, ಬಸ್ಸಿಗೆ ತಡವಾಯಿತೆಂದು ಓಡಿದೆ.

ಇನ್ನು ಓದಿನ ಕಷ್ಟ. ಪುಸ್ತಕದ ಮೊದಲ ಭಾಗದಲ್ಲಿ ಒಂದು ಕಡೆ, ಬೀಗದ ರಿಪೇರಿಯವನು 'ನಾಳೆ ಸಂಜೆ ಬನ್ನಿ' ಎನ್ನುತ್ತಾನೆ, ಮರುಪುಟಕ್ಕೆ ತಿರುಗಿದರೆ ಅದೇ ವಾಕ್ಯ 'ನದಿಯಲ್ಲಿ ಈಜುತ್ತಿರುತ್ತಾಳೆ' ಎಂದು ಮುಗಿಯುತ್ತದೆ. ಅವನು ಹೋಗಿ ಅವಳಾಗುತ್ತಾನೆ, ಅಂಗಡಿ ಹೋಗಿ ನದಿಯಾಗುತ್ತದೆ. ನಾನು ಆ ಪುಟವನ್ನು ಅದೆಷ್ಟು ಸಲ ಓದಿದೆನೋ, ಪ್ರತಿ ಸಲವೂ ಶಾಲೆಯಲ್ಲಿ ಕನ್ನಡವನ್ನು ನಿರ್ಲಕ್ಷಿಸಿದ್ದಕ್ಕೆ ನನ್ನನ್ನೇ ಶಪಿಸಿಕೊಂಡೆ. ಭಾವನವರನ್ನು ಕೇಳಿದಾಗ ಅವರ ಮುಖ ಅರಳಿತು. ದೊಡ್ಡ ಬರಹಗಾರರು ಕಾಲವನ್ನು ಮುರಿಯುವುದು ಹೀಗೆಯೇ, ಬೀಗದವನು ವಾಕ್ಯದ ನಡುವೆ ಹೆಣ್ಣಾಗುವುದು ವ್ಯಕ್ತಿತ್ವದ ವಿಸರ್ಜನೆ, ಇದರ ಮೇಲೆ ನಾನೇ ಒಂದು ವಿಚಾರ ಸಂಕಿರಣದಲ್ಲಿ ಮಾತನಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ ಎಂದರು. ನಾನು ವಿಸರ್ಜನೆ ಎಂಬ ಪದವನ್ನು ನಿಘಂಟಿನಲ್ಲಿ ಹುಡುಕಿ ತಲೆಯಾಡಿಸಿದೆ.

ಕಡೆಗೆ, ಊಟದ ಬಿಡುವಿನಲ್ಲೂ ಓದಿ ಬೇಗ ಮುಗಿಸೋಣವೆಂದು, ನಮ್ಮ ಕನ್ನಡಕದ ಅಂಗಡಿಯ ಹಿಂದಿನ ಬೀದಿಯ ಗ್ರಂಥಾಲಯದಿಂದ ತಮ್ಮ ಕಾದಂಬರಿಯ ಇನ್ನೊಂದು ಪ್ರತಿ ತಂದೆ. ಅದರಲ್ಲಿ ಬೀಗದವನು ಮೊದಲ ಭಾಗದಲ್ಲಿ ಕಾಣಿಸಲೇ ಇಲ್ಲ. ನದಿಯಲ್ಲಿ ಈಜಿದ್ದು ಮೊದಲಿಂದ ಕೊನೆಯವರೆಗೂ ಕೊಡೆಯಮ್ಮನೇ. ನನಗೆ ರೋಮಾಂಚನವಾಯಿತು: ಸರ್ಕಾರಿ ಪ್ರತಿಯಲ್ಲಿ ತಪ್ಪು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಸೀದಾ ಗ್ರಂಥಪಾಲಕರ ಮೇಜಿಗೆ ಹೋಗಿ, ನಿಮ್ಮ ಪ್ರತಿಯಲ್ಲಿ ಪುಟಗಳು ಹಿಂದುಮುಂದಾಗಿವೆ, ನಮ್ಮ ಮಾವನವರು ಕಟ್ಟಿದ ಪ್ರತಿ ನೋಡಿ ಸರಿಮಾಡಿಕೊಳ್ಳಿ, ಅವರ ಅಂಗಡಿಯಲ್ಲಿ ಪುಟ ತಪ್ಪುವುದಿಲ್ಲ ಎಂದು ಇಡೀ ಓದುಕೋಣೆಗೆ ಕೇಳುವಂತೆ ಭಾಷಣ ಬಿಗಿದೆ. ಆಮೇಲೆ ಪುಸ್ತಕ ತೆರೆದು ತೋರಿಸಲು ಹೋದಾಗ, ಪ್ರತಿ ಪುಟದ ಕೆಳಗೂ ಸಂಖ್ಯೆಗಳು ಒಂದರ ಹಿಂದೆ ಒಂದು, ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿದ್ದವು. ನಮ್ಮ ಮನೆಯ ಪ್ರತಿಯಲ್ಲಿ ಸಂಖ್ಯೆಗಳೇ ಇಲ್ಲ. ಕಲೆಯಾದ ಅಂಚಿನ ಜೊತೆ ಅವೂ ಕತ್ತರಿಗೆ ಹೋಗಿವೆ.

ಕುರ್ಚಿ ಎಳೆದು ಕೂತು ಕೊನೆಯ ಭಾಗ ಓದಿದೆ. ಮಾನ್ಯರೇ, ತಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ಹೊರಡುವ ಹಿಂದಿನ ದಿನ ಕೊಡೆಯಮ್ಮನ ಬೀಗ ಕೆಡುತ್ತದೆ. ಅವಳು ಅದನ್ನು ರಿಪೇರಿಗೆ ಕೊಡುತ್ತಾಳೆ. ಅವನು ನಾಳೆ ಸಂಜೆ ಬನ್ನಿ ಎನ್ನುತ್ತಾನೆ. ಅವಳು ಬೆಳಿಗ್ಗೆಯೇ ಹೊರಡುತ್ತಾಳೆ.

ಬೀಗ ರಿಪೇರಿಗೆ ಹೋಗಿತ್ತು. ಅಷ್ಟೇ! ನಂಬಿಕೆಯಲ್ಲ, ಸಮಾಜವಲ್ಲ, ವಿಸರ್ಜನೆಯಂತೂ ಅಲ್ಲವೇ ಅಲ್ಲ. ಗಮನವಿಟ್ಟು ಓದಿದವರಿಗೆ ನಿಜಕ್ಕೂ ಹೇಳಬೇಕಾಗಿರಲಿಲ್ಲ. ತಮ್ಮ ಪ್ರಾಮಾಣಿಕತೆಗೆ ನನ್ನ ಸಾಷ್ಟಾಂಗ ಪ್ರಣಾಮ. ಪುಸ್ತಕ ಕಟ್ಟುವವರ ಮನೆಯ ಸೊಸೆಯಾದ್ದರಿಂದ ಉಳಿದದ್ದನ್ನು ನಾನೇ ಊಹಿಸಿದೆ: ಹದಿನಾರು ಪುಟಗಳ ಒಂದೊಂದು ಮಡಿಕೆಯನ್ನು ಫಾರಂ ಎನ್ನುತ್ತಾರೆ, ಅವನ್ನು ಒಂದರ ಮೇಲೊಂದು ಜೋಡಿಸಿ ಹೊಲಿಯುತ್ತಾರೆ. ಕೊನೆಯಲ್ಲಿರಬೇಕಿದ್ದ ಒಂದು ಫಾರಂ ಮಾವನವರ ಕೈಯಲ್ಲಿ ಮೊದಲ ಭಾಗಕ್ಕೆ ಹೋಗಿ ಸೇರಿತ್ತು. ನನ್ನ ಗಂಡನ ಅಂತಃಕರಣ, ಭಾವನವರ ಚಪ್ಪಾಳೆ, ಈ ಮನೆಯ ಎಲ್ಲ ಭಾನುವಾರಗಳು ಆ ಹದಿನಾರು ಪುಟಗಳ ಮೇಲೆ ನಿಂತಿದ್ದವು. ನಾನು ಪ್ರೀತಿಸಿ ಮದುವೆಯಾದದ್ದು ಒಂದು ಹೊಲಿಗೆಯ ತಪ್ಪನ್ನು!

ಆ ಭಾನುವಾರ ಬಂತು. ನನಗೆ ಒಗಟಿನ ಉತ್ತರ ಗೊತ್ತಿತ್ತು, ಬಾಯಿ ಬಿಡುವ ಹಾಗಿರಲಿಲ್ಲ. ಹೇಳಿದರೆ 'ಇಲ್ಲಿ ಪುಟ ತಪ್ಪುವುದಿಲ್ಲ' ಎಂಬ ಫಲಕವನ್ನು ಮಾವನವರು ಯಾವ ಮುಖದಲ್ಲಿ ನೋಡುತ್ತಾರೆ? ಹೇಳದಿದ್ದರೆ ನನ್ನ ಬಳಿ ಬೇರೆ ಉತ್ತರವೇನಿದೆ? ಮಾವನವರು ಪುಸ್ತಕ ಒರೆಸಿ ನನ್ನ ಮುಂದಿಟ್ಟರು. ಎಲ್ಲರೂ ನನ್ನನ್ನೇ ನೋಡಿದರು. ನಮ್ಮವರ ಕಣ್ಣಿನಲ್ಲಿ ಎಂಥ ನಿರೀಕ್ಷೆ ಎಂದರೆ, ಕಣ್ಣು ಪರೀಕ್ಷೆಯ ಫಲಕದಲ್ಲಿ ಮುದ್ರಕರ ಹೆಸರನ್ನು ಓದಿದ ದಿನವೂ ಅಷ್ಟಿರಲಿಲ್ಲ. ನನಗೆ ಇದ್ದಕ್ಕಿದ್ದಂತೆ ಬೀದಿಯ ತಿರುವು, ಕೊಡೆ, ಕಿಟಕಿಯಿಂದ ಹೊರಬಂದ ಅತ್ತೆಯವರ ತಲೆ ನೆನಪಾಯಿತು.

"ಮನೇಲಿ ಯಾರೋ ಇದ್ರು. ಅದಕ್ಕೆ ಬೀಗ ಹಾಕಲಿಲ್ಲ," ಎಂದೆ.

ಯಾರು ಎಂದು ಭಾವನವರು ಕೇಳಿದರು. ಅದು ನನಗೂ ಗೊತ್ತಿರಲಿಲ್ಲ. ನಾನು ಮದುವೆಗೆ ಮುಂಚೆ ಇದ್ದದ್ದು ಬಾಡಿಗೆಯ ಒಂಟಿ ಕೋಣೆಯಲ್ಲಿ, ಅಲ್ಲಿ ಹಾಲಿಗೆ ಹೋಗುವಾಗಲೂ ಬೀಗ ಎಳೆದೆಳೆದು ನೋಡುತ್ತಿದ್ದೆ, ಈಗ ನನ್ನ ಚೀಲದಲ್ಲಿ ಬೀಗದ ಕೈಯೇ ಇಲ್ಲ, ಕೊಡೆಯಮ್ಮನಿಗೂ ಹಾಗೇ ಏನಾದರೂ ಆಗಿರಬೇಕು ಎಂದು ತೊದಲಿದೆ. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಪುಟ ತುಂಬಿಸುವುದು ನನ್ನ ಹಳೆಯ ವಿದ್ಯೆ. ಯಾರೂ ನಗಲಿಲ್ಲ. ಅತ್ತೆಯವರು ಸೆರಗಿನಿಂದ ಲೋಟ ಒರೆಸುತ್ತಾ, ತಲೆಯೆತ್ತದೆ, "ಚಹಾ ಒಲೆ ಮೇಲಿದೆ, ನೀನೇ ಹೋಗಿ ಬಗ್ಗಿಸ್ಕೋ," ಎಂದರು.

ನಾನು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಚಹಾವನ್ನು ಲೋಟಕ್ಕೂ ಕಟ್ಟೆಗೂ ಸಮನಾಗಿ ಬಗ್ಗಿಸುತ್ತಿರುವಾಗ ಮಾವನವರು ನೀರಿನ ನೆಪದಲ್ಲಿ ಒಳಗೆ ಬಂದರು. ಗ್ರಂಥಾಲಯದ ಹರಿದ ಪುಸ್ತಕಗಳು ಹೊಲಿಗೆಗೆ ಬರುವುದು ಅವರ ಅಂಗಡಿಗೇ ಎಂಬುದು ಭಾಷಣ ಬಿಗಿಯುವಾಗ ನನ್ನ ತಲೆಗೆ ಬಂದಿರಲಿಲ್ಲ.

"ನಿಮ್ಮ ಸೊಸೆ ನಿಮ್ಮ ಪರವಾಗಿ ನಮ್ಮ ಹತ್ರ ಜಗಳಕ್ಕೆ ಬಂದಿದ್ಲು ಅಂದ್ರು ಗ್ರಂಥಪಾಲಕರು," ಎಂದರು ಮೆಲ್ಲಗೆ. ನಾನು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟೆ. "ಕಟ್ಟಿ ವಾರ ಆಗೋದ್ರೊಳಗೆ ನಂಗೂ ಗೊತ್ತಾಯ್ತು ಮಗಳೇ. ಬಿಚ್ಚಿ ಹೊಲಿಯೋಣ ಅಂತ ಕತ್ತರಿ ತಗೊಂಡು ಕೂತೆ. ಅಷ್ಟ್ರಲ್ಲಿ ನಿಮ್ಮತ್ತೆ ಬಂದು, ಯಾರಾದ್ರೂ ಬರ್ಲಿ ಅಂತ ಬಾಗ್ಲು ತೆಗ್ದಿಟ್ಟು ಹೋಗಿರ್ತಾಳೆ ಕಣ್ರೀ ಅಂದ್ಲು. ನಾನಾಗ ಅಂಗಡೀಲೇ ಊಟ, ಅಂಗಡೀಲೇ ಸಂಸಾರ, ಭಾನುವಾರಾನೂ ಇಲ್ಲ. ಇವಳು ಮನೇಲಿ ಕೂತು ಯಾರಾದ್ರೂ ಬರ್ಲಿ ಅಂತ ನೋಡ್ತಿರ್ತಾಳೆ ಅಂತ ನಂಗೆ ಹೊಳೆದೇ ಇರ್ಲಿಲ್ಲ. ಕತ್ತರಿ ಎತ್ತಿಟ್ಟೆ. ಭಾನುವಾರ ಅಂಗಡಿ ಮುಚ್ಚಿದ್ದು ಅವತ್ತಿಂದ."

ಅಷ್ಟು ಹೇಳಿ, ತಂದ ಲೋಟದಲ್ಲಿ ನೀರು ಹಿಡಿಯುವುದನ್ನೇ ಮರೆತು ಹೊರಗೆ ಹೋದರು.

ಇದೆಲ್ಲ ತಮಗೇಕೆ ಎಂದು ಕೇಳಬಹುದು. ಹೇಳುತ್ತೇನೆ. ತಮ್ಮ ಕಾದಂಬರಿಯ ಹೊಸ ಮುದ್ರಣ ಬರಲಿದೆಯೆಂದೂ, ಓದುಗರ ಒತ್ತಾಯಕ್ಕೆ ಮಣಿದು ತಾವು ಅದರ ಮುನ್ನುಡಿಯಲ್ಲಿ ಕೊಡೆಯಮ್ಮನ ಬೀಗದ ರಹಸ್ಯವನ್ನು ಸ್ವತಃ ಬಿಡಿಸಲಿದ್ದೀರೆಂದೂ ಮೊನ್ನೆ ದಿನಪತ್ರಿಕೆಯಲ್ಲಿ ಬಂದಿತ್ತು. ನಮ್ಮವರು ಆ ಸುದ್ದಿಯನ್ನು ಕುಣಿದಾಡುತ್ತಾ ಓದಿ ಹೇಳಿದರು, ಸ್ವಂತ ಉತ್ತರವೇ ಸರಿಯೆಂದು ಅವರಿಗೆ ಎಳ್ಳಷ್ಟೂ ಸಂಶಯವಿಲ್ಲ. ಭಾವನವರಿಗೂ ಇಲ್ಲ. ಅತ್ತೆಯವರು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಮಾವನವರು ಮತ್ತು ನಾನು ಒಬ್ಬರ ಮುಖವನ್ನೊಬ್ಬರು ನೋಡದಂತೆ ಎಚ್ಚರವಹಿಸಿದೆವು.

ಆದ್ದರಿಂದ ಮಾನ್ಯರೇ, ನನ್ನ ವಿನಮ್ರ ಬೇಡಿಕೆ. ಹೊಸ ಮುದ್ರಣದಲ್ಲಿ ಆ ಹದಿನಾರು ಪುಟಗಳನ್ನು ದಯವಿಟ್ಟು ನಮ್ಮ ಮಾವನವರು ಹೊಲಿದ ಜಾಗಕ್ಕೇ ಸೇರಿಸಿಬಿಡಿ. ತಮ್ಮ ಕಾದಂಬರಿ ಅದರಿಂದ ಕೆಡುವುದಿಲ್ಲ, ನಾನು ಎರಡೂ ಓದಿದ್ದೇನೆ, ನಮ್ಮದೇ ವಾಸಿ. ತಾವು ಬರೆದದ್ದರಲ್ಲಿ ಒಂದು ಬೀಗ ಕೆಟ್ಟಿದೆ, ನಮ್ಮದರಲ್ಲಿ ಒಬ್ಬ ಹೆಂಗಸು ಬಾಗಿಲು ತೆರೆದಿಟ್ಟಿದ್ದಾಳೆ. ಅದು ಆಗದಿದ್ದರೆ ಆ ಬೀಗದವನಿಗೆ ಒಂದು ಮಾತು ಹೇಳಿ, ಕೆಲಸವನ್ನು ಅದೇ ದಿನ ಮುಗಿಸಿ ಸಂಜೆಯೊಳಗೆ ಬೀಗ ವಾಪಸು ಕೊಡಲಿ, ಇಷ್ಟು ವರ್ಷ ಒಂದು ಬೀಗವನ್ನು ಇಟ್ಟುಕೊಂಡು ಕೂರುವುದು ಅವನ ಕಸುಬಿಗೂ ಶೋಭೆಯಲ್ಲ. ಅದೂ ಆಗದಿದ್ದರೆ ಮುನ್ನುಡಿಯಲ್ಲಿ ತಮ್ಮ ಬಾಲ್ಯ, ತಮ್ಮ ಗುರುಗಳು, ಕಾಗದದ ಬೆಲೆ, ಏನನ್ನಾದರೂ ಬರೆಯಿರಿ. ಬರೆದವರೇ ಉತ್ತರ ಹೇಳಬೇಕೆಂಬ ನಿಯಮ ಎಲ್ಲೂ ಇಲ್ಲ. ಪ್ರಶ್ನೆಪತ್ರಿಕೆ ತೆಗೆದವರು ಪರೀಕ್ಷೆ ನಡೆಯುತ್ತಿರುವಾಗ ಕೋಣೆಗೆ ನುಗ್ಗಿ ಉತ್ತರ ಕೂಗಿದ್ದನ್ನು ನಾನಂತೂ ಕಂಡಿಲ್ಲ.

ನನ್ನ ಮಾತು ಒರಟಾಯಿತೆನಿಸಿದರೆ ಕ್ಷಮಿಸಿ, ಎರಡನೆಯ ಭಾಷೆಯಂತೆ ಕಲಿತ ತಾಯ್ನುಡಿಯಲ್ಲಿ ವಿನಯದ ಪದಗಳು ನನಗೆ ಬೇಗ ಖಾಲಿಯಾಗುತ್ತವೆ. ನಂಬಿಕೆಯಾಗದಿದ್ದರೆ ಒಂದು ಭಾನುವಾರ ತಾವೇ ನಮ್ಮ ಮನೆಗೆ ಬಂದು, ಮೂಲೆಯ ಕುರ್ಚಿಯಲ್ಲಿ ಕೂತು, ತಮ್ಮ ಪುಸ್ತಕದಲ್ಲಿ ಏನಿದೆಯೆಂದು ನಮ್ಮಿಂದ ಕೇಳಿ ತಿಳಿದುಕೊಳ್ಳಬಹುದು. ಬಾಗಿಲು ತಳ್ಳಿದರೆ ಸಾಕು. ಬೀಗ ಹಾಕಿರುವುದಿಲ್ಲ, ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಗಮನವಿಟ್ಟು ಓದಿ ಕೆಟ್ಟ,
ತಮ್ಮ ವಿಶ್ವಾಸಿ,
ಬೈಂಡಿಂಗ್ ಅಂಗಡಿಯವರ ಕಿರಿಯ ಸೊಸೆ

ತಾ.ಕ.: ಈ ಪತ್ರ ಅಚ್ಚಾದರೆ ನಮ್ಮ ಮನೆಯಲ್ಲಿ ಗುಟ್ಟು ರಟ್ಟಾಗುವುದಿಲ್ಲವೇ ಎಂಬ ಚಿಂತೆ ತಮಗೆ ಬೇಡ. ಈ ಮಾಸಪತ್ರಿಕೆಯನ್ನು ನಾವು ತರಿಸುವುದಿಲ್ಲ. ವರ್ಷ ತುಂಬಿದ ಮೇಲೆ ಗ್ರಂಥಾಲಯದಿಂದ ಎಲ್ಲ ಸಂಚಿಕೆಗಳು ಕಟ್ಟಾಗಿ ಹೊಲಿಗೆಗೆ ಬರುತ್ತವೆ, ಹೊಲಿಯುವವರು ಮಾವನವರು. ತಮ್ಮ ಹೊಸ ಮುದ್ರಣಕ್ಕೆ ಬರೀ ಅಂಟು ಹಾಕುತ್ತಾರಂತೆ, ಹೊಲಿಗೆಯಿಲ್ಲವಂತೆ. ಹಾಗಿದ್ದರೆ ಒಂದೆರಡು ಮಳೆಗಾಲದಲ್ಲಿ ಬಿಡಿಬಿಡಿಯಾಗಿ, ಮುನ್ನುಡಿಯ ಸಮೇತ, ಅದೂ ನಮ್ಮಲ್ಲಿಗೇ ಬರುತ್ತದೆ. ತಾವು ನಿಶ್ಚಿಂತೆಯಿಂದಿರಿ. ನಮ್ಮಲ್ಲಿ ಪುಟ ತಪ್ಪುವುದಿಲ್ಲ, ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ.